ಇನುಯಿಟ್ ಸ್ಟೋನ್‌ಕಟ್ ಅಂದರೆ ನಮ್ಮ ಕಲ್ಲಚ್ಚೇ? ಒಂದು ಹಾಳೆಯಲ್ಲಿ ಕಥೆ ಎಷ್ಟು ಉಳಿಯುತ್ತದೆ?

ನೀಲಿಮಸಿ

ಎಲ್ಲರಿಗೂ ನಮಸ್ಕಾರ. ಮುದ್ರಣಕಲೆ ಓದುತ್ತಿರುವ ಹದಿನೈದು ಮಕ್ಕಳಿಗೆ ಕೆನಡಾದ ಇನುಯಿಟ್ ಜನರ ಮುದ್ರಣಚಿತ್ರಗಳ ಬಗ್ಗೆ ಎರಡು ದಿನದ ಪ್ರಾತ್ಯಕ್ಷಿಕೆ ಮಾಡಬೇಕಿದೆ. ಬ್ಯಾಫಿನ್ ದ್ವೀಪದ ಪಕ್ಕದ ಕಿಂಗೈಟ್ ಊರನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಹಳೆಯ ಕ್ಯಾಟಲಾಗುಗಳಲ್ಲಿ ಕೇಪ್ ಡಾರ್ಸೆಟ್ ಎಂದು ಕಾಣುವುದು ಇದೇ ಊರು. ಮೂರು ಕಡೆ ಸಿಕ್ಕಿಕೊಂಡಿದ್ದೇನೆ, ಬಲ್ಲವರು ಬಿಡಿಸಬೇಕು.

ಮೊದಲನೆಯದು, ಅಲ್ಲಿಯವರು ಸ್ಟೋನ್‌ಕಟ್ ಅನ್ನುವುದನ್ನು ಕನ್ನಡದಲ್ಲಿ ಕಲ್ಲಚ್ಚು ಅಂತ ಬರೆದರೆ ಸರಿಯಾ? ಮಂಗಳೂರಿನ ಬಾಸೆಲ್ ಮಿಷನ್ನಿನವರು 1841ರಲ್ಲಿ ಶುರು ಮಾಡಿದ ಕಲ್ಲಚ್ಚು ನಮಗೆಲ್ಲ ಗೊತ್ತು. ಎರಡೂ ಒಂದೇ ಕ್ರಮವೋ ಬೇರೆಯೋ?

ಎರಡನೆಯದು, ಲಿನೋಲಿಯಂ ಅಚ್ಚು ಮತ್ತು ಮರದಚ್ಚು ಬರುವ ವಿದ್ಯಾರ್ಥಿಗಳು ಕಲ್ಲಿನ ಮೇಲೆ ಇದನ್ನು ಮಾಡಿ ನೋಡಬೇಕೆಂದರೆ ಯಾವ ಕಲ್ಲು, ಯಾವ ಕಾಗದ, ಎಷ್ಟು ಆಳ ಕೆತ್ತಬೇಕು, ಎಲ್ಲೆಲ್ಲಿ ಕೆಡುತ್ತದೆ?

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. "ಇನುಯಿಟ್ ಮುದ್ರಣಗಳು ಬಾಯಿಮಾತಿನ ಕಥೆಗಳನ್ನು ಉಳಿಸಿದವು" ಎಂದು ಎಲ್ಲ ಕಡೆ ಬರೆದಿರುತ್ತಾರೆ. ಚಿತ್ರ ನೋಡಿದರೆ ಒಂದು ಗೂಬೆ, ಒಂದು ಮೀನಿನ ಬಾಲದ ಹೆಂಗಸು, ಅಷ್ಟೇ ಕಾಣುತ್ತದೆ. ಕಥೆ ಎಲ್ಲಿದೆ? ಮಕ್ಕಳಿಗೆ ಓದಲು ಕಲಿಸುವುದು ಹೇಗೆ?

---

ಉಳಿಪೆಟ್ಟು

ನೀಲಿಮಸಿ ಅವರೇ, ಮೊದಲ ಪ್ರಶ್ನೆಗೆ ಉತ್ತರ: ಎರಡೂ ಒಂದೇ ಅಲ್ಲ. ಕಲ್ಲು ಇದೆ ಎನ್ನುವುದು ಬಿಟ್ಟರೆ ಎರಡಕ್ಕೂ ಸಂಬಂಧವೇ ಇಲ್ಲ.

ನಮ್ಮ ಕಲ್ಲಚ್ಚು ಲಿಥೋಗ್ರಫಿ. ಅಲ್ಲಿ ಕಲ್ಲಿನ ಮೇಲ್ಮೈ ಸಪಾಟಾಗಿಯೇ ಇರುತ್ತದೆ, ಯಾರೂ ಕೆತ್ತುವುದಿಲ್ಲ. ಜಿಡ್ಡಿನ ಬಳಪದಲ್ಲಿ ಬರೆದ ಜಾಗ ಮಸಿ ಹಿಡಿಯುತ್ತದೆ, ಒದ್ದೆ ಮಾಡಿದ ಉಳಿದ ಜಾಗ ಮಸಿಯನ್ನು ತಳ್ಳುತ್ತದೆ. ಸ್ಟೋನ್‌ಕಟ್ ಉಬ್ಬು ಅಚ್ಚು. ಬೇಡದ ಜಾಗವನ್ನು ಉಳಿಯಿಂದ ತಗ್ಗಿಸಿ, ಎದ್ದು ನಿಂತ ಭಾಗಕ್ಕೆ ಮಸಿ ಹಚ್ಚಿ ಒತ್ತುತ್ತಾರೆ. ಅದರ ಹತ್ತಿರದ ನೆಂಟ ನಿಮ್ಮ ಮರದಚ್ಚು. ಕನ್ನಡದಲ್ಲಿ ಒಂದೇ ಪದ ಬೇಕಾದರೆ "ಕಲ್ಲುಕೆತ್ತು ಅಚ್ಚು" ಎನ್ನಿ, ಗೊಂದಲ ತಪ್ಪುತ್ತದೆ. ಕಿಂಗೈಟ್‌ನಲ್ಲಿ 1970ರ ದಶಕದಿಂದ ನಿಜವಾದ ಲಿಥೋಗ್ರಫಿಯೂ ನಡೆಯುತ್ತಿದೆ. ಹಾಗಾಗಿ ಪದ ಬೆರೆಸಿದರೆ ಅವರದೇ ಎರಡು ಕ್ರಮಗಳು ಕಲಸಿಹೋಗುತ್ತವೆ.

ಇದು ಶುರುವಾದ ಬಗೆ ಮಕ್ಕಳಿಗೆ ಹೇಳಲೇಬೇಕು, ಏಕೆಂದರೆ ಕ್ರಮದ ಅರ್ಧ ಗುಟ್ಟು ಅಲ್ಲಿದೆ. 1957ರ ಚಳಿಗಾಲ. ಶಿಲ್ಪಿ ಒಸುಇಟೊಕ್ ಇಪೀಲಿ ಸಿಗರೇಟು ಪೊಟ್ಟಣದ ಮೇಲಿನ ನಾವಿಕನ ತಲೆಯನ್ನು ನೋಡಿ, ಒಂದೊಂದು ಪೊಟ್ಟಣದ ಮೇಲೂ ಅದೇ ತಲೆಯನ್ನು ಯಾರೋ ಕೂತು ಬರೆಯುವುದು ಎಂಥ ಬೇಸರದ ಕೆಲಸ ಎಂದರಂತೆ. ಆಗ ಅಲ್ಲಿ ಸರ್ಕಾರದ ಅಧಿಕಾರಿಯಾಗಿದ್ದ ಜೇಮ್ಸ್ ಹ್ಯೂಸ್ಟನ್, ಒಸುಇಟೊಕ್ ಗೀರಿದ್ದ ವಾಲ್ರಸ್ ದಂತಕ್ಕೆ ಮಸಿ ಹಚ್ಚಿ, ತೆಳು ಕಾಗದ ಒತ್ತಿ ತೆಗೆದು ತೋರಿಸಿದರು. ಇದನ್ನು ಹೇಳಿದವರು ಹ್ಯೂಸ್ಟನ್ನರೇ. ಅವರು 1958ರ ಕೊನೆಯಲ್ಲಿ ಜಪಾನಿಗೆ ಹೋಗಿ ಉನ್‌ಇಚಿ ಹಿರಾತ್ಸುಕಾ ಅವರ ಬಳಿ ಸುಮಾರು ಮೂರು ತಿಂಗಳು ಮರದಚ್ಚು ಕಲಿತು ಬಂದರು. ಮೊದಲ ವಾರ್ಷಿಕ ಸಂಗ್ರಹ 1959ರದು, ವೆಸ್ಟ್ ಬ್ಯಾಫಿನ್ ಸಹಕಾರಿ ಸಂಘ ಸ್ಥಾಪನೆಯಾದದ್ದೂ ಅದೇ ವರ್ಷ.

ಇಲ್ಲಿ ಒಂದು ಸೂಕ್ಷ್ಮವಿದೆ. ಹಿರಾತ್ಸುಕಾ ಅವರದು ಬರೆಯುವುದು, ಕೆತ್ತುವುದು, ಒತ್ತುವುದು ಮೂರನ್ನೂ ಒಬ್ಬನೇ ಕಲಾವಿದ ಮಾಡಬೇಕೆನ್ನುವ ಪಂಥ. ಕಿಂಗೈಟ್ ಹಿಡಿದದ್ದು ಅದಕ್ಕಿಂತ ಹಳೆಯ ಜಪಾನಿ ಪದ್ಧತಿ: ಬರೆಯುವವರು ಬೇರೆ, ಕೆತ್ತಿ ಒತ್ತುವವರು ಬೇರೆ. ಮನೆಯಲ್ಲೋ ಬೇಟೆಯ ಬಿಡಾರದಲ್ಲೋ ಕೂತು ಪೆನ್ಸಿಲಿನಲ್ಲಿ ಬರೆದ ಚಿತ್ರವನ್ನು ಸಂಘ ಹಣ ಕೊಟ್ಟು ಕೊಳ್ಳುತ್ತದೆ. ಅವುಗಳಲ್ಲಿ ವರ್ಷಕ್ಕೆ ಕೆಲವನ್ನಷ್ಟೇ ಆರಿಸಿ ಸ್ಟುಡಿಯೋದಲ್ಲಿ ಕಲ್ಲಿಗೆ ಇಳಿಸುತ್ತಾರೆ. ಮೊದಲ ತಲೆಮಾರಿನಲ್ಲಿ ಕೆತ್ತಿ ಒತ್ತಿದವರು ಇಯೋಲಾ ಕಿಂಗ್ವಾಟ್ಸಿಯಾಕ್, ಲುಕ್ಟಾ ಕಿಯಾಟ್ಸುಕ್, ಕನಾಂಗಿನಾಕ್ ಪೂಟೂಗೂಕ್, ಈಗ್ಯವಡ್ಲುಕ್ ಪೂಟೂಗೂಕ್. ಇವರ ಹೆಸರನ್ನು ಬಿಟ್ಟು ಪಾಠ ಮಾಡಬೇಡಿ.

ಕಲ್ಲೇ ಯಾಕೆ? ಬ್ಯಾಫಿನ್ ದ್ವೀಪದಲ್ಲಿ ಹಲಗೆಗೆ ಬರುವ ಮರವಿಲ್ಲ, ಕಡಲು ತಂದೆಸೆದ ದಿಮ್ಮಿಯಷ್ಟೇ. ಹಸಿರು ಸರ್ಪೆಂಟೈನ್ ಕಲ್ಲಿತ್ತು, ಅದರಲ್ಲಿ ಪಳಗಿದ ಕೈಗಳಿದ್ದವು. ಮೊದಮೊದಲು ನೆಲಕ್ಕೆ ಹಾಸುವ ಲಿನೋಲಿಯಂ ತುಂಡುಗಳಲ್ಲೂ ಪ್ರಯೋಗ ಮಾಡಿದರು. ಆಮೇಲೆ ಬಿಲಿಯರ್ಡ್ಸ್ ಮೇಜಿನೊಳಗೆ ಹಾಸುವ ಸ್ಲೇಟ್ ಹಲಗೆ ಬಂತು. ಅದು ಮೊದಲೇ ಮಟ್ಟವಾಗಿರುವುದರಿಂದ ವಾರಗಟ್ಟಲೆ ಉಜ್ಜುವ ಕೆಲಸ ಉಳಿಯುತ್ತದೆ.

ಕ್ರಮ ಹೀಗಿದೆ. ಕಲ್ಲಿನ ಮುಖವನ್ನು ನೀರು ಹಾಕಿ ಮಟ್ಟ ಬರುವವರೆಗೆ ಉಜ್ಜುತ್ತಾರೆ. ಮೇಲೆ ಬಿಳಿ ಬಣ್ಣದ ತೆಳು ಪದರ ಬಳಿಯುತ್ತಾರೆ. ಚಿತ್ರವನ್ನು ಟ್ರೇಸಿಂಗ್ ಹಾಳೆಗೆ ತೆಗೆದು, ತಿರುವಿ ಹಾಕಿ ಕಲ್ಲಿಗೆ ಇಳಿಸುತ್ತಾರೆ. ತಿರುವದಿದ್ದರೆ ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುತ್ತದೆ. ಉಳಿಯಬೇಕಾದ ಭಾಗಕ್ಕೆ ಕಪ್ಪು ಶಾಯಿ ತುಂಬುತ್ತಾರೆ. ಆಗ ಉಳಿ ಬಿದ್ದ ಕಡೆ ಕಲ್ಲಿನ ಬಣ್ಣ, ಉಳಿದ ಕಡೆ ಕಪ್ಪು, ನಡುವೆ ಬಿಳಿ. ಎಷ್ಟು ಕೆತ್ತಿದೆ, ಎಷ್ಟು ಬಾಕಿ ಎನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಬಿಳಿ ಬಳಿಯುವುದನ್ನು ಬಿಟ್ಟವರು ಅರ್ಧ ದಾರಿಯಲ್ಲಿ ಗೆರೆ ಕಳೆದುಕೊಳ್ಳುತ್ತಾರೆ.

ಆಳದ ವಿಷಯ. ಗೆರೆಗಳ ನಡುವಿನ ಕಿರಿದಾದ ಜಾಗಕ್ಕೆ 2 ಮಿಲಿಮೀಟರ್ ಸಾಕು. ಅಂಗೈ ಅಗಲದ ಖಾಲಿ ಜಾಗವಾದರೆ 5 ಮಿಲಿಮೀಟರಾದರೂ ಬೇಕು, ಇಲ್ಲದಿದ್ದರೆ ಕಾಗದ ಅಲ್ಲಿ ಜೋತು ಬಿದ್ದು ಮಸಿ ತಗಲುತ್ತದೆ. ಗೆರೆಯ ಪಕ್ಕವನ್ನು ನೇರವಾಗಿ ಇಳಿಸಬೇಡಿ, ಬುಡ ಅಗಲವಾಗಿ ಬರುವಂತೆ ಓರೆಯಾಗಿ ಇಳಿಸಿ. ಬುಡ ಕೊರೆದ ಗೆರೆ ಮರದಲ್ಲಿ ಹೇಗೋ ನಿಂತೀತು. ಕಲ್ಲಿನಲ್ಲಿ ಐದಾರು ಪ್ರತಿಗೇ ಚಕ್ಕೆ ಏಳುತ್ತದೆ, ಎದ್ದ ಚಕ್ಕೆಯನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಮೃದು ಕಲ್ಲಿನಲ್ಲಿ 2 ಮಿಲಿಮೀಟರಿಗಿಂತ ಸಣ್ಣ ಗೆರೆ ಬೇಡ. ಕಿಂಗೈಟ್‌ನ ಹಳೆಯ ಚಿತ್ರಗಳಲ್ಲಿ ತುಂಬು ಆಕಾರ, ದಪ್ಪ ಅಂಚು ಕಾಣುವುದಕ್ಕೆ ಕಲಾವಿದರ ಅಭಿರುಚಿಯಷ್ಟೇ ಕಲ್ಲಿನ ಈ ಗುಣವೂ ಕಾರಣ.

ಮಸಿ ಹಚ್ಚುವಲ್ಲಿ ಜಪಾನಿ ಮರದಚ್ಚಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಬಣ್ಣಕ್ಕೊಂದು ಹಲಗೆ, ನೀರಿನ ಬಣ್ಣ. ಇಲ್ಲಿ ಎಣ್ಣೆ ಮಸಿ, ಸಾಮಾನ್ಯವಾಗಿ ಒಂದೇ ಕಲ್ಲು. ಒಂದೊಂದು ಭಾಗಕ್ಕೆ ಬೇರೆ ಬೇರೆ ಸಣ್ಣ ರೋಲರಿನಿಂದ ಬೇರೆ ಬಣ್ಣ ಹಚ್ಚಿ, ಪಕ್ಕದ ಭಾಗಕ್ಕೆ ತಗಲದಂತೆ ಕಾಗದದ ತುಂಡು ಅಡ್ಡ ಹಿಡಿದು, ಎಲ್ಲ ಬಣ್ಣವನ್ನೂ ಒಂದೇ ಸಲಕ್ಕೆ ತೆಗೆಯುತ್ತಾರೆ. ಬಣ್ಣಗಳನ್ನು ಒಂದರ ಪಕ್ಕ ಒಂದು ಸರಿಯಾಗಿ ಕೂರಿಸುವ ತಲೆನೋವಿಲ್ಲ, ಆದರೆ ಪ್ರತಿಯೊಂದು ಪ್ರತಿಗೂ ಇಡೀ ಕಲ್ಲಿಗೆ ಹೊಸದಾಗಿ ಬಣ್ಣ ಹಚ್ಚಬೇಕು. ಒಂದು ಚಿತ್ರಕ್ಕೆ ಸಾಮಾನ್ಯವಾಗಿ 50 ಪ್ರತಿ. ಎಲ್ಲ ಮುಗಿದ ಮೇಲೆ ಕಲ್ಲಿನ ಮುಖವನ್ನು ಉಜ್ಜಿ ಚಿತ್ರ ಅಳಿಸಿ ಮುಂದಿನದಕ್ಕೆ ಬಳಸುತ್ತಾರೆ. ಅಂದರೆ ಅಚ್ಚು ಉಳಿಯುವುದಿಲ್ಲ, ಹಾಳೆಗಳಷ್ಟೇ ಉಳಿಯುತ್ತವೆ.

---

ಕೊಜೊಕಾಗದ

ಉಳಿಪೆಟ್ಟು ಅವರು ಚೆನ್ನಾಗಿ ಹೇಳಿದ್ದಾರೆ. ನಾನು ಸಾಮಗ್ರಿ ಮತ್ತು ಕೆಡುವ ಕಡೆಗಳ ಬಗ್ಗೆ ಸೇರಿಸುತ್ತೇನೆ.

ಇಲ್ಲಿ ಅಭ್ಯಾಸಕ್ಕೆ ಬಳಪದ ಕಲ್ಲು ಒಳ್ಳೆಯದು. ಮರ ಕೆತ್ತುವ ಉಳಿಯೇ ನಡೆಯುತ್ತದೆ, ಆದರೆ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ, ಹಳೆಯ ಉಳಿಗಳನ್ನು ಬೇರೆ ಇಟ್ಟುಕೊಳ್ಳಿ. ಕಡಪ ಕಲ್ಲು ಮಟ್ಟವಾಗಿ ಸಿಗುತ್ತದೆ, ಅಗ್ಗ, ಆದರೆ ಗಟ್ಟಿ. ಎರಡು ದಿನದಲ್ಲಿ ಹೊಸಬರ ಕೈಗೆ ಬಗ್ಗುವುದಿಲ್ಲ. 20 ಸೆಂಟಿಮೀಟರ್ ಚೌಕ, 25 ಮಿಲಿಮೀಟರ್ ದಪ್ಪದ ಬಳಪದ ಕಲ್ಲು ಒಬ್ಬರಿಗೆ ಒಂದು ಸಾಕು. ಇನ್ನೂ ತೆಳುವಾದರೆ ಉಜ್ಜುವಾಗಲೇ ಸೀಳುತ್ತದೆ.

ಎಲ್ಲಕ್ಕಿಂತ ಮೊದಲು ಧೂಳು. ಸ್ಲೇಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಬಳಪದ ಕಲ್ಲು, ಸರ್ಪೆಂಟೈನ್‌ಗಳಲ್ಲಿ ಕೆಲವು ಗಣಿಗಳ ಕಲ್ಲಿಗೆ ಆಸ್ಬೆಸ್ಟಾಸ್ ಎಳೆ ಸೇರಿರುತ್ತದೆ. ಒಣಗಿದ ಕಲ್ಲನ್ನು ಉಜ್ಜಲೇಬಾರದು. ಆಸ್ಬೆಸ್ಟಾಸ್ ಇರುವ ಕಲ್ಲು ಬೇಡವೇ ಬೇಡ, ಅದರ ಎಳೆ ತಡೆಯಲು ಎನ್-95 ಸಾಲದು. ನೀರು ಚಿಮುಕಿಸುತ್ತಾ ಕೆಲಸ ಮಾಡಿ, ಎನ್-95 ಮುಖಗವಸು ಹಾಕಿ, ಕೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆ ಬೇಡ. ವಿದ್ಯುತ್ ಯಂತ್ರವನ್ನು ಈ ತರಗತಿಗೆ ತರಲೇಬೇಡಿ.

ಮಟ್ಟ ನೋಡುವುದು ಹೀಗೆ: ಉಕ್ಕಿನ ಅಳತೆಪಟ್ಟಿಯನ್ನು ಕಲ್ಲಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ಸೋರಿದ ಕಡೆ ತಗ್ಗಿದೆ. ತಗ್ಗಿದ್ದರೆ ತುಂಬು ಬಣ್ಣದ ನಡುವೆ ಬಿಳಿ ಮಚ್ಚೆ ಬಂದೇ ಬರುತ್ತದೆ, ಎಷ್ಟು ಮಸಿ ಹಚ್ಚಿದರೂ ಹೋಗುವುದಿಲ್ಲ. ಕೊನೆಯ ಉಜ್ಜು 220ರ ನೀರುಕಾಗದಕ್ಕೆ (ನೀರು ಹಾಕಿ ಉಜ್ಜುವ ಮರಳುಕಾಗದ) ನಿಲ್ಲಿಸಿ. ಕನ್ನಡಿಯಂತೆ ಹೊಳಪು ಕೊಟ್ಟರೆ ರೋಲರ್ ಜಾರುತ್ತದೆ, ಮಸಿ ಹಿಡಿಯಲು ಸ್ವಲ್ಪ ಒರಟುತನ ಬೇಕು.

ಮಸಿ ಬಿಗಿಯಾಗಿರಲಿ. ಮರ ಸ್ವಲ್ಪ ಮಸಿ ಕುಡಿಯುತ್ತದೆ, ಗಟ್ಟಿ ಕಲ್ಲು ಅಷ್ಟಾಗಿ ಕುಡಿಯುವುದಿಲ್ಲ. ಹಚ್ಚಿದ್ದು ಮೇಲೆಯೇ ನಿಂತು, ಒತ್ತಿದಾಗ ಅಂಚಿನಿಂದ ಹೊರಕ್ಕೆ ಹಿಂಡಿಕೊಂಡು ಪ್ರತಿ ಗೆರೆಯ ಸುತ್ತ ಕಪ್ಪು ಕಟ್ಟೆ ಕಟ್ಟುತ್ತದೆ. ಅದಕ್ಕೆ ಒಮ್ಮೆ ದಪ್ಪ ಹಚ್ಚುವ ಬದಲು ನಾಲ್ಕೈದು ತೆಳು ಸುತ್ತು ಹಾಕಿ. ರೋಲರಿನ ಸದ್ದು ಕೇಳಿ: ಸಣ್ಣಗೆ ರೇಷ್ಮೆ ಹರಿದಂತೆ ಸರಸರ ಎಂದರೆ ಸರಿ, ಚಪಚಪ ಎಂದರೆ ಹೆಚ್ಚಾಗಿದೆ. ಬೆಳಿಗ್ಗೆ ಕಲ್ಲು ತಣ್ಣಗಿದ್ದರೆ ಮಸಿ ಗಟ್ಟಿಯಾಗಿ ಅಚ್ಚು ಉಪ್ಪು ಚೆಲ್ಲಿದ ಹಾಗೆ ಬರುತ್ತದೆ. ಬಿಸಿನೀರಿನ ಚೀಲವನ್ನು ಹತ್ತು ನಿಮಿಷ ಮೇಲಿಡಿ.

ಪ್ರೆಸ್ಸಿಗೆ ಹಾಕಬೇಡಿ, ಕಲ್ಲು ಸೀಳುತ್ತದೆ. ಕೈಯಲ್ಲೇ ಉಜ್ಜಿ ತೆಗೆಯಿರಿ. ಕಿಂಗೈಟ್‌ನಲ್ಲಿ ಬಳಸುವುದು ಕೊಜೊ ಗಿಡದ ನಾರಿನ ಜಪಾನಿ ಕಾಗದ. ಅದಕ್ಕೆ ಕಾರಣ ಅಂದ ಮಾತ್ರವಲ್ಲ. ನಾರು ಉದ್ದವಿರುವುದರಿಂದ ಎಷ್ಟು ಉಜ್ಜಿದರೂ ಹರಿಯುವುದಿಲ್ಲ, ತೆಳುವಾಗಿರುವುದರಿಂದ ಮಸಿ ಎಲ್ಲಿ ಹತ್ತಿದೆ ಎನ್ನುವುದು ಬೆನ್ನಿನಲ್ಲೇ ಕಾಣುತ್ತದೆ. ನಮಗೆ ನೇಪಾಳದ ಲೋಕ್ತಾ ಕಾಗದ ಸಿಗುತ್ತದೆ, 40ರಿಂದ 60 ಜಿಎಸ್ಎಂ ಒಳಗಿನದು ತನ್ನಿ, ನುಣುಪು ಮೈ ಕೆಳಕ್ಕೆ. ಮೇಲೊಂದು ಬೆಣ್ಣೆಕಾಗದ ಇಟ್ಟು, ಮರದ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಸಣ್ಣ ಸುತ್ತು ಹಾಕುತ್ತಾ ಉಜ್ಜಿ. ಒಂದು ಮೂಲೆಯನ್ನು ಭಾರ ಇಟ್ಟು ಹಿಡಿದು, ಇನ್ನೊಂದು ಮೂಲೆ ಎತ್ತಿ ನೋಡಿ. ಸಾಲದಿದ್ದರೆ ಹಾಗೇ ಇಳಿಸಿ ಮತ್ತೆ ಉಜ್ಜಬಹುದು. ಆರಲು ಬೇಸಿಗೆಯಲ್ಲಿ ಮೂರು ನಾಲ್ಕು ದಿನ, ಮಳೆಗಾಲದಲ್ಲಿ ವಾರ.

ಇನ್ನೊಂದು ಕ್ರಮವನ್ನೂ ಮಕ್ಕಳಿಗೆ ತೋರಿಸಿ: ಸ್ಟೆನ್ಸಿಲ್, ಅಂದರೆ ಆಕಾರ ಕತ್ತರಿಸಿದ ಹಾಳೆಯ ತೂತಿನಲ್ಲಿ ಬಣ್ಣ ಕುಟ್ಟುವುದು. ಮೊದಲು ಕೂದಲು ಹೆರೆದ ಸೀಲ್ ಚರ್ಮದಲ್ಲೇ ಕತ್ತರಿಸುತ್ತಿದ್ದರು, ಆಮೇಲೆ ಮೇಣ ಹಾಕಿದ ಕಾಗದ ಬಂತು. ಇದರ ಬೇರು ಹೆಂಗಸರ ಹೊಲಿಗೆಯಲ್ಲಿದೆ. ಕಪ್ಪು ಬಿಳಿ ಚರ್ಮ ಕತ್ತರಿಸಿ ಒಂದರೊಳಗೊಂದು ಕೂಡಿಸುವ ಕೈಗೆ ಸ್ಟೆನ್ಸಿಲ್ ಹೊಸದಲ್ಲ. ಕಿಂಗೈಟ್‌ನ ಕಲಾವಿದೆ ಕೆನೊಜುವಾಕ್ ಅಶೆವಾಕ್ ಅವರ ಮೊದಲ ಮುದ್ರಣ, ಕಡಲಸೊಪ್ಪು ತಿನ್ನುವ ಮೊಲ, ಸೀಲ್ ಚರ್ಮದ ಚೀಲದ ಮೇಲೆ ಅವರೇ ಹೊಲಿದಿದ್ದ ವಿನ್ಯಾಸದಿಂದ ಬಂದದ್ದು. ಪಾಂಗ್ನರ್ಟುಂಗ್ ಊರಿನ ಸ್ಟುಡಿಯೋ ಹೆಸರು ಮಾಡಿದ್ದು ಮುಖ್ಯವಾಗಿ ಈ ಕ್ರಮಕ್ಕೇ. ಗಿಡ್ಡ, ಬಿರುಸು ಕೂದಲಿನ ಕುಂಚವನ್ನು ಬಣ್ಣಕ್ಕೆ ತಾಗಿಸಿ, ಹಳೆ ಕಾಗದದ ಮೇಲೆ ಕುಟ್ಟಿ ಬಹುಪಾಲು ತೆಗೆದು, ಉಳಿದಷ್ಟನ್ನೇ ನೆಟ್ಟಗೆ ಕುಟ್ಟಬೇಕು. ಎಳೆದರೆ ಬಣ್ಣ ಅಂಚಿನಡಿಗೆ ನುಗ್ಗುತ್ತದೆ. ನೂರು ಸಲ ಸ್ಟೆನ್ಸಿಲ್ ಕೆಟ್ಟರೆ ತೊಂಬತ್ತು ಸಲ ಕುಂಚ ಒದ್ದೆಯಾಗಿದ್ದದ್ದೇ ಕಾರಣ.

---

ನೀಲಿಮಸಿ

ಇಬ್ಬರಿಗೂ ತುಂಬ ಧನ್ಯವಾದ. ಬಿಳಿ ಬಳಿಯುವುದು, ಕಲ್ಲು ಬೆಚ್ಚಗೆ ಮಾಡುವುದು ನನ್ನ ಟಿಪ್ಪಣಿಯಲ್ಲಿ ಇರಲೇ ಇಲ್ಲ. ಮೂರನೆಯ ಪ್ರಶ್ನೆ ಇನ್ನೂ ಹಾಗೇ ಇದೆ. ಚಿತ್ರದಲ್ಲಿ ಕಥೆ ಎಲ್ಲಿ?

---

ಕೇಳಿದಮಾತು

ಮೊದಲೇ ಹೇಳಿಬಿಡುತ್ತೇನೆ: ಪ್ರತಿ ಇನುಯಿಟ್ ಮುದ್ರಣದ ಹಿಂದೆ ಒಂದು ಪುರಾಣವಿದೆ ಎಂದು ಮಕ್ಕಳಿಗೆ ಹೇಳಬೇಡಿ. ಕೆನೊಜುವಾಕ್ ಅವರ 1960ರ ಗೂಬೆ, ಕೆನಡಾದ 1970ರ ಅಂಚೆಚೀಟಿಯ ಮೇಲೂ ಬಂದ ಆ ಪ್ರಸಿದ್ಧ ಚಿತ್ರ, ಯಾವ ಕಥೆಯನ್ನೂ ಹೇಳುವುದಿಲ್ಲ. ತಾವು ಆಕಾರದಿಂದ ಹೊರಡುವವರು, ಅಂದವಾದದ್ದನ್ನು ಮಾಡಬೇಕೆಂದು ಗರಿಗೆ ಗರಿ ಸೇರಿಸುತ್ತಾ ಹೋಗುವವರು ಎಂದು ಅವರೇ ಮತ್ತೆ ಮತ್ತೆ ಹೇಳಿದ್ದಾರೆ. ಶೀರ್ಷಿಕೆಗಳನ್ನು ಎಷ್ಟೋ ಸಲ ಸ್ಟುಡಿಯೋದಲ್ಲಿ ಇಂಗ್ಲಿಷಿನಲ್ಲಿ ಇಟ್ಟರು. ಅದರಲ್ಲಿ "ಮಾಯೆ", "ಆತ್ಮ" ಎನ್ನುವ ಪದ ಕಂಡ ಕೂಡಲೇ ನಾವು ಕಥೆ ಹುಡುಕಲು ಹೊರಡುತ್ತೇವೆ.

ಕಥೆ ಇರುವ ಚಿತ್ರಗಳಲ್ಲೂ ಎರಡು ಬಗೆ ಬೇರೆ ಮಾಡಿಕೊಳ್ಳಬೇಕು. ಒಂದು, ತಲೆಮಾರುಗಳಿಂದ ಇಳಿದು ಬಂದ ಹಳೆಯ ಕಥೆಗಳು, ಇನುಯಿಟ್ ಭಾಷೆಯಾದ ಇನುಕ್ಟಿಟುಟ್‌ನಲ್ಲಿ ಉನಿಕ್ಕಾಕ್ತುವಾತ್. ಇನ್ನೊಂದು, ಹೇಳುವವರೇ ಬದುಕಿದ, ಕಂಡ ಸಂಗತಿಗಳು. ಕಿಂಗೈಟ್‌ನ ಕಲಾವಿದೆ ಪಿಟ್ಸಿಯೊಲಾಕ್ ಅಶೂನಾ ಅವರದು ಹೆಚ್ಚಾಗಿ ಎರಡನೆಯ ಬಗೆ: ಚರ್ಮದ ಡೇರೆ, ಬೇಸಿಗೆಯ ವಲಸೆ, ಹಕ್ಕಿ ಹಿಡಿಯುವುದು, ಬಟ್ಟೆಯ ಹೊಲಿಗೆ. ಪುವಿರ್ನಿಟುಕ್ ಊರಿನ ಜೋ ತಾಲಿರುನಿಲಿ ತಮ್ಮ ಎಳವೆಯ ಒಂದೇ ಘಟನೆಯನ್ನು ಶಿಲ್ಪದಲ್ಲಿ, ಮುದ್ರಣದಲ್ಲಿ ಮತ್ತೆ ಮತ್ತೆ ಮಾಡಿದರು. ಮಂಜಿನ ಹಾಸು ಒಡೆದು ಕೆಲವು ಕುಟುಂಬಗಳು ಕಡಲಲ್ಲಿ ಸಿಕ್ಕಿಕೊಂಡವು. ಜಾರುಬಂಡಿಯ ಮರ ಮತ್ತು ಸೀಲ್ ಚರ್ಮ ಕೂಡಿಸಿ ದೋಣಿ ಕಟ್ಟಿ ದಡ ಸೇರಿದರು. ಅಂಥ ಕೆಲವು ಶಿಲ್ಪಗಳ ಜೊತೆ ದೋಣಿಯಲ್ಲಿದ್ದವರ ಹೆಸರಿನ ಪಟ್ಟಿಯೂ ಇದೆ. ಅಲ್ಲಿ ಕಲೆ ದಾಖಲೆಯೇ ಆಗಿದೆ.

ಈಗ ನಿಮ್ಮ "ಮೀನಿನ ಬಾಲದ ಹೆಂಗಸು". ಅದನ್ನು ಮತ್ಸ್ಯಕನ್ಯೆ ಎಂದು ಓದಿದರೆ ಇಡೀ ಕಥೆ ಕೈತಪ್ಪುತ್ತದೆ. ಅವಳು ಕಡಲ ತಾಯಿ. ಸೆಡ್ನಾ, ನುಲಿಯಾಯುಕ್, ತಲೀಲಾಯು ಹೀಗೆ ಊರಿಗೊಂದು ಹೆಸರು. ಬಿರುಗಾಳಿಯಲ್ಲಿ ತಂದೆಯೇ ಅವಳನ್ನು ದೋಣಿಯಿಂದ ನೀರಿಗೆ ತಳ್ಳುತ್ತಾನೆ. ಅಂಚು ಹಿಡಿದ ಬೆರಳುಗಳನ್ನು ಗಿಣ್ಣು ಗಿಣ್ಣಾಗಿ ಕಡಿಯುತ್ತಾನೆ. ಕಡಿದ ಗಿಣ್ಣುಗಳೇ ಸೀಲ್, ವಾಲ್ರಸ್, ತಿಮಿಂಗಿಲಗಳಾಗುತ್ತವೆ. ಅವಳು ಕಡಲ ತಳದಲ್ಲಿ ಕೂತು ಆ ಪ್ರಾಣಿಗಳ ಒಡತಿಯಾಗುತ್ತಾಳೆ. ಜನ ಕಟ್ಟಳೆ ಮೀರಿದಾಗ ಅವಳ ಕೂದಲು ಸಿಕ್ಕುಗಟ್ಟುತ್ತದೆ, ಬೇಟೆ ಸಿಗುವುದಿಲ್ಲ. ಬೆರಳಿಲ್ಲದ ಅವಳು ಬಾಚಿಕೊಳ್ಳಲಾರಳು. ಆಗ ಅಂಗಕ್ಕುಕ್, ಅಂದರೆ ಮಾಂತ್ರಿಕ, ತಳಕ್ಕಿಳಿದು ಅವಳ ತಲೆ ಬಾಚಿ ಸಮಾಧಾನ ಮಾಡಬೇಕು.

ಈಗ ಹಾಳೆ ನೋಡಿ. ದೋಣಿ ಇಲ್ಲ, ತಂದೆ ಇಲ್ಲ, ಬಿರುಗಾಳಿ ಇಲ್ಲ. ಇರುವುದು ಎರಡು ದಪ್ಪ ಜಡೆ, ಈಜುರೆಕ್ಕೆಯಂಥ ಕೈ, ಸುತ್ತ ಒಂದೆರಡು ಸೀಲ್. ಕಥೆ ಕೇಳಿ ಬೆಳೆದವರಿಗೆ ಅಷ್ಟು ಸಾಕು, ಜಡೆ ಕಂಡರೆ ಬಾಚುವುದು ನೆನಪಾಗುತ್ತದೆ. ಕೇಳದವರಿಗೆ ಅಲ್ಲಿ ಏನೂ ಇಲ್ಲ. ಆದ್ದರಿಂದ ಮುದ್ರಣ ಕಥೆಯನ್ನು ಉಳಿಸಿತು ಎನ್ನುವುದು ಅರ್ಧ ಮಾತು. ಹೇಳುವವರು ಉಳಿದಿದ್ದರೆ ಅದು ನೆನಪಿನ ಗಂಟು. ಹೇಳುವವರಿಲ್ಲದಿದ್ದರೆ ಅದು ಬಿಚ್ಚಲಾಗದ ಗಂಟು.

ಲುಮಾಕ್ ಕಥೆಯೂ ಹಾಗೇ. ಕುರುಡು ಹುಡುಗನಿಗೆ ಮೋಸ ಮಾಡಿದ ತಾಯಿ, ಕೆಲವು ಊರುಗಳಲ್ಲಿ ಅಜ್ಜಿ. ಅವನನ್ನು ನೀರಿನಲ್ಲಿ ಮುಳುಗಿಸಿ ಮುಳುಗಿಸಿ ಕಣ್ಣು ತರಿಸುವ ಲೂನ್ ಎಂಬ ನೀರುಹಕ್ಕಿ. ಕೊನೆಗೆ ಈಟಿಯ ಹಗ್ಗಕ್ಕೆ ಸಿಕ್ಕಿ ತಿಮಿಂಗಿಲದ ಹಿಂದೆ ಕಡಲಿಗೆ ಎಳೆದುಹೋಗುವ ಅವಳು ನಾರ್ವಾಲ್ ಎಂಬ ಕೊಂಬಿನ ತಿಮಿಂಗಿಲವಾಗುತ್ತಾಳೆ. ಅದರ ತಿರುಚಿದ ಕೊಂಬು ಅವಳ ಹೊಸೆದ ಜಡೆ. ಚಿತ್ರದಲ್ಲಿ ಹೆಂಗಸು, ಹಗ್ಗ, ತಿಮಿಂಗಿಲ ಮೂರೇ ಇದ್ದರೂ ಸಾಕು.

ಓದಲು ಕಲಿಸುವಾಗ ಮೊದಲು ಕಥೆ ಕೇಳಬೇಡಿ, ವಸ್ತು ಕೇಳಿ. ಬೆನ್ನಿನ ಮೇಲೆ ದೊಡ್ಡ ಟೊಪ್ಪಿಗೆಯ ಅಂಗಿ ಅಮೌತಿ, ಅಂದರೆ ಕೂಸು ಹೊರುವ ಹೆಂಗಸು. ಅರ್ಧಚಂದ್ರದ ಕತ್ತಿ ಉಲು, ಅದೂ ಹೆಂಗಸಿನದು. ಒಬ್ಬರೇ ಕೂರುವ ಮುಚ್ಚಿದ ದೋಣಿ ಕಯಾಕ್, ಬೇಟೆಗೆ. ಹಲವರು ಕೂತ ತೆರೆದ ದೋಣಿ ಉಮಿಯಾಕ್, ಕುಟುಂಬದ ವಲಸೆಗೆ. ಚರ್ಮದ ಡೇರೆ ಇದ್ದರೆ ಬೇಸಿಗೆ, ಮಂಜಿನ ಮನೆ ಇದ್ದರೆ ಚಳಿಗಾಲ. ಮುಖದ ಮೇಲಿನ ಗೆರೆಗಳು ಹೆಂಗಸರ ಹಚ್ಚೆ. ಮನುಷ್ಯನಂತೆ ನಿಂತ ಕರಡಿ, ಮೈಯೊಳಗಿನಿಂದ ಹೊರಟ ಇನ್ನೊಂದು ತಲೆ ಕಂಡರೆ ಅಲ್ಲಿ ರೂಪ ಬದಲಾಗುತ್ತಿದೆ, ಬಹುಶಃ ಮಾಂತ್ರಿಕನ ಸಂಗತಿ. ನೆಲದ ಗೆರೆ ಹುಡುಕಬೇಡಿ. ಕೆಲವು ಹಾಳೆಗಳನ್ನು ನಾಲ್ಕೂ ಕಡೆಯಿಂದ ತಿರುಗಿಸಿ ನೋಡಬೇಕು. ಬೇಕರ್ ಲೇಕ್ ಊರಿನ ವಿಕ್ಟೋರಿಯಾ ಮಮ್ನುಕ್ಸುಆಲುಕ್ ಅವರು ಅಲೆಮಾರಿ ವೀರ ಕಿವಿಯುಕ್‌ನ ಕಥೆ ಬರೆದಾಗ ಹಲವು ಘಟನೆಗಳು ಒಂದೇ ಹಾಳೆಯಲ್ಲಿ ಒತ್ತೊತ್ತಾಗಿ ಬರುತ್ತವೆ. ನಮ್ಮ ದೇವಸ್ಥಾನದ ರಾಮಾಯಣ ಪಟ್ಟಿಕೆಯಂತೆ ಎಡದಿಂದ ಬಲಕ್ಕೆ ಸಾಲಾಗಿ ಓದಲು ಹೋದರೆ ದಾರಿ ತಪ್ಪುತ್ತದೆ.

ಮಾತು ನಿಜವಾಗಿ ಉಳಿದದ್ದು ಬೇರೆ ಕೆಲಸದಿಂದ. ಇಗ್ಲೂಲಿಕ್ ಊರಿನಲ್ಲಿ 1986ರಿಂದ ಹಿರಿಯರ ಮಾತನ್ನು ಇನುಕ್ಟಿಟುಟ್‌ನಲ್ಲೇ ಧ್ವನಿಮುದ್ರಿಸಿ, ಬರೆದು, ಆಮೇಲೆ ಅನುವಾದಿಸಿದರು. ನುನಾವುಟ್ ಆರ್ಕ್‌ಟಿಕ್ ಕಾಲೇಜಿನಲ್ಲಿ ಇನುಯಿಟ್ ವಿದ್ಯಾರ್ಥಿಗಳೇ ಹಿರಿಯರನ್ನು ಪ್ರಶ್ನೆ ಕೇಳಿ ದಾಖಲಿಸಿದರು. ಆ ಹಿರಿಯರು ಒಂದು ಶಿಸ್ತು ಪಾಲಿಸುತ್ತಾರೆ: ತಾವು ಕಂಡದ್ದು ಯಾವುದು, ಕೇಳಿದ್ದು ಯಾವುದು, ಕೇಳಿದ್ದಾದರೆ ಯಾರಿಂದ ಎನ್ನುವುದನ್ನು ಬಿಡಿಸಿ ಹೇಳುತ್ತಾರೆ. ಗೊತ್ತಿಲ್ಲದ್ದನ್ನು ತುಂಬಿಸಿ ಹೇಳುವುದಿಲ್ಲ.

ಚಿತ್ರ ಮತ್ತು ಮಾತು ಎರಡನ್ನೂ ದಾಖಲಿಸುವ ಅಭ್ಯಾಸ ಕೊಡುವುದಾದರೆ ಕ್ರಮ ಮುಖ್ಯ. ಮೊದಲ ದಿನ ಕಥೆ ಪೂರ್ತಿ ಹೇಳಲಿ, ನಡುವೆ ಬಾಯಿ ಹಾಕಬೇಡಿ. ಚಿತ್ರವನ್ನು ಮೊದಲೇ ಮುಂದಿಟ್ಟರೆ ಹೇಳುವವರು ಚಿತ್ರದಲ್ಲಿರುವುದನ್ನಷ್ಟೇ ವಿವರಿಸಿ ನಿಲ್ಲಿಸುತ್ತಾರೆ. ಇದು ಎಲ್ಲರೂ ಮಾಡುವ ತಪ್ಪು. ಎರಡನೆಯ ದಿನ ಚಿತ್ರ ತೋರಿಸಿ, ಯಾವ ಗಳಿಗೆ ಬರೆದದ್ದು, ಅದಕ್ಕೆ ಮುಂಚೆ ಏನು, ಆಮೇಲೆ ಏನು ಎಂದಷ್ಟೇ ಕೇಳಿ. "ಇವಳು ಕೋಪದಲ್ಲಿದ್ದಾಳಲ್ಲವೇ?" ಎನ್ನುವಂಥ ಪ್ರಶ್ನೆಗೆ ಎಲ್ಲರೂ ಹೌದು ಎಂದೇ ಬಿಡುತ್ತಾರೆ. ಮೈಕನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿಡಿ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತವಾಗಿ ಉಳಿಸಿ, ಎಂಪಿ3 ಬೇಡ. ಫ್ಯಾನ್ ಆರಿಸಿ. ಕಡತ ತೆರೆದ ತಕ್ಷಣ ಹೇಳುವವರ ಹೆಸರು, ಊರು, ಯಾರಿಂದ ಕೇಳಿದ್ದು, ದಿನಾಂಕ ಇವನ್ನು ಧ್ವನಿಯಲ್ಲೇ ಹೇಳಿಸಿ. ಕಾಗದದ ಪಟ್ಟಿ ಕಳೆಯಬಹುದು, ಧ್ವನಿಯೊಳಗಿನದು ಕಳೆಯುವುದಿಲ್ಲ. ಬರಹಕ್ಕಿಳಿಸುವಾಗ ಹೇಳಿದ ಭಾಷೆಯಲ್ಲಿ ಮೊದಲು, ಅನುವಾದ ಆಮೇಲೆ. ಅನುವಾದವಾಗದ ಪದವನ್ನು ಹಾಗೇ ಬಿಟ್ಟು ಪಕ್ಕದಲ್ಲಿ ವಿವರ ಬರೆಯಿರಿ. ಯಾವುದನ್ನು ಹೊರಗೆ ಕೊಡಬಹುದು, ಯಾವುದು ಮನೆಯವರಿಗೆ ಮಾತ್ರ ಎನ್ನುವುದನ್ನು ಹೇಳಿದವರೇ ತೀರ್ಮಾನಿಸಬೇಕು.

---

ಉಳಿಪೆಟ್ಟು

ಕೇಳಿದಮಾತು ಅವರ ವಾದ ಬಹುಮಟ್ಟಿಗೆ ಒಪ್ಪುತ್ತೇನೆ, ಒಂದು ಕಡೆ ಬಿಟ್ಟು. ಮುದ್ರಣವನ್ನು ಮಾತ್ರ ನೋಡಿದರೆ ಉಳಿದದ್ದು ಕಡಿಮೆ, ನಿಜ. ಆದರೆ ಮುದ್ರಣಕ್ಕಾಗಿ ಕೊಂಡ ಪೆನ್ಸಿಲ್ ಚಿತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಪಿಟ್ಸಿಯೊಲಾಕ್ ಒಬ್ಬರೇ 7,000ಕ್ಕೂ ಹೆಚ್ಚು ಚಿತ್ರ ಬರೆದರು, ಮುದ್ರಣವಾದದ್ದು ಇನ್ನೂರೈವತ್ತರ ಆಸುಪಾಸು. ಉಳಿದವು ಕಸಕ್ಕೆ ಹೋಗಲಿಲ್ಲ. ಸಂಘ ಎಲ್ಲವನ್ನೂ ಇಟ್ಟುಕೊಂಡಿತು. ಕಿಂಗೈಟ್‌ನ ಆ ಚಿತ್ರಭಂಡಾರ ಲಕ್ಷದ ಹತ್ತಿರವಿದೆ, ಈಗ ಒಂಟಾರಿಯೋದ ಮೆಕ್‌ಮೈಕಲ್ ಸಂಗ್ರಹಾಲಯದ ಸುಪರ್ದಿಯಲ್ಲಿದೆ. ಸಂಘದ ಟೆರ್ರಿ ರಯಾನ್ 1964ರಲ್ಲಿ ಉತ್ತರ ಬ್ಯಾಫಿನ್ನಿನ ಊರುಗಳಿಗೆ ಕಾಗದ ಪೆನ್ಸಿಲ್ ಹೊತ್ತು ಹೋಗಿ ಸಾವಿರಕ್ಕೂ ಹೆಚ್ಚು ಚಿತ್ರ ತಂದರು, ಅವು ಮುದ್ರಣಕ್ಕೆಂದು ಬರೆದವೇ ಅಲ್ಲ. ಕಲ್ಲಿಗೆ ಇಳಿಯುವಾಗ ಸಣ್ಣ ಗೆರೆ, ಅಳಿಸಿ ತಿದ್ದಿದ ಗುರುತು, ಮೂಲೆಯ ಸಣ್ಣ ಆಕೃತಿ ಉದುರಿಹೋಗುತ್ತವೆ. ಪೆನ್ಸಿಲ್ ಹಾಳೆಯಲ್ಲಿ ಎಲ್ಲ ಇರುತ್ತದೆ. ಕಥೆಯ ಜಾಡು ಬೇಕಾದವರು ಮೊದಲು ಅಲ್ಲಿಗೆ ಹೋಗಬೇಕು.

ಎರಡನೆಯದು, ಎಲ್ಲ ಊರೂ ಕಿಂಗೈಟ್ ಅಲ್ಲ. ಪುವಿರ್ನಿಟುಕ್‌ನಲ್ಲಿ ಕಥೆ ಬಲ್ಲ ಶಿಲ್ಪಿಗಳು ತಾವೇ ನೇರವಾಗಿ ಕಲ್ಲಿನ ಮೇಲೆ ಕೆತ್ತುತ್ತಿದ್ದರು. ಕಲ್ಲಿನ ಒರಟು ಅಂಚೂ ಹಾಳೆಯ ಮೇಲೆ ಬೀಳುತ್ತದೆ, ಕೆಲವು ಕಡೆ ಚಿತ್ರದ ಪಕ್ಕದಲ್ಲಿ ಇನುಕ್ಟಿಟುಟ್ ಬರೆಯುವ ಸಿಲ್ಯಾಬಿಕ್ ಲಿಪಿಯ ಮಾತೂ ಕೆತ್ತಿದೆ. ದಾವಿದಿಯಾಲುಕ್ ಅಲಾಸುವಾ ಅಮಿಟ್ಟು ಅಲ್ಲಿಯ ದೊಡ್ಡ ಕಥೆಗಾರ, ಅವರ ಅಚ್ಚಿನಲ್ಲಿ ಮಧ್ಯದ ಕೈ ಇಲ್ಲ.

ನಿಮ್ಮ ತರಗತಿಗೆ ನನ್ನ ಸಲಹೆ: ಮೊದಲ ದಿನ ಬೆಳಿಗ್ಗೆ ಒಬ್ಬರು ಹೇಳಿದ ಕಥೆಯನ್ನು ಇನ್ನೊಬ್ಬರು ಪೆನ್ಸಿಲಿನಲ್ಲಿ ಬರೆಯಲಿ, ಮೂರನೆಯವರು ಕಲ್ಲಿಗೆ ಇಳಿಸಲಿ. ಹದಿನೈದು ಮಕ್ಕಳಾದರೆ ಐದು ಗುಂಪು. ಸಂಜೆ ಧ್ವನಿ, ಪೆನ್ಸಿಲ್ ಹಾಳೆ, ಮೊದಲ ಅಚ್ಚು ಮೂರನ್ನೂ ಎದುರಿಟ್ಟು, ಎಲ್ಲಿ ಏನು ಬಿದ್ದುಹೋಯಿತು ಎಂದು ಅವರೇ ಪಟ್ಟಿ ಮಾಡಲಿ.

---

ಕೊಜೊಕಾಗದ

ಮೂರಕ್ಕೂ ಒಂದೇ ಸಂಖ್ಯೆ ಕೊಡುವುದನ್ನು ಮರೆಯಬೇಡಿ. ಕಡತದ ಹೆಸರು, ಪೆನ್ಸಿಲ್ ಹಾಳೆಯ ಬೆನ್ನು, ಅಚ್ಚಿನ ಕೆಳ ಅಂಚು, ಮೂರೂ ಕಡೆ ಅದೇ. ಅಚ್ಚಿನ ಅಂಚಿನಲ್ಲಿ ಪೆನ್ಸಿಲಿನಲ್ಲೇ ಬರೆಯಿರಿ, ಬಾಲ್ ಪೆನ್ ಲೋಕ್ತಾ ಕಾಗದದಲ್ಲಿ ಹರಡಿ ಹಿಂದಕ್ಕೆ ಇಳಿಯುತ್ತದೆ. ಶೀರ್ಷಿಕೆ, ಕ್ರಮ, ಪ್ರತಿ ಸಂಖ್ಯೆ, ಊರು, ವರ್ಷ. ಕಿಂಗೈಟ್ ಹಾಳೆಗಳಲ್ಲಿ ಬರೆದವರ ಮುದ್ರೆ, ಕೆತ್ತಿ ಒತ್ತಿದವರ ಮುದ್ರೆ, ಸಂಘದ ಇಗ್ಲೂ ಆಕಾರದ ಕೆಂಪು ಮುದ್ರೆ ಬೇರೆ ಬೇರೆ ಇರುತ್ತವೆ. ನಿಮ್ಮ ಗುಂಪುಗಳಿಗೆ ಅಳಿಸುವ ರಬ್ಬರಿನಲ್ಲಿ ಮೂರು ಸಣ್ಣ ಮುದ್ರೆ ಕೆತ್ತಿಸಿ: ಹೇಳಿದವರದು, ಬರೆದವರದು, ಕೆತ್ತಿದವರದು. ಕಿಂಗೈಟ್ ಹಾಳೆಯಲ್ಲಿ ಮೊದಲನೆಯದಕ್ಕೆ ಜಾಗವಿಲ್ಲ, ನಿಮ್ಮದರಲ್ಲಿ ಇರಲಿ. ಮುದ್ರೆಯನ್ನು ಮಸಿ ಪೂರ್ತಿ ಆರಿದ ಮೇಲೆ ಒತ್ತಬೇಕು. ಮೊದಲೇ ಒತ್ತಿದರೆ ಕೈ ತಗಲಿ ಅಚ್ಚಿನ ಕಪ್ಪು ಮಸಿ ಬಿಳಿಯ ಅಂಚಿಗೆ ಬರುತ್ತದೆ, ಆ ಹಾಳೆ ಮತ್ತೆ ಸರಿಹೋಗುವುದಿಲ್ಲ.